ಮಗನನ್ನು ಯಾರಿಗೆ ತೋರಿಸುವುದು?

ಮಗ ಮೂರನೇ ಕ್ಲಾಸಿನಲ್ಲಿದ್ದಾಗ ಅವನ ಟೀಚರ್ ನನ್ನನ್ನು ಶಾಲೆಗೆ ಕರೆಸಿದರು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಕನ್ನಡ ಮಾಧ್ಯಮ ಶಾಲೆ ಅದು. ನೋಟುಪುಸ್ತಕ ಮುಂದಿಟ್ಟು, "ಬಾಯಲ್ಲಿ ಕೇಳಿದ್ರೆ ಎಲ್ಲ ಹೇಳ್ತಾನೆ. ಬರೆಯಲು ಕೊಟ್ರೆ ಎದ್ದು ಓಡಾಡ್ತಾನೆ. ಒಮ್ಮೆ ಯಾರಿಗಾದ್ರೂ ತೋರಿಸಿ" ಎಂದರು.

ಯಾರಿಗಾದರೂ ಅಂದರೆ ಯಾರಿಗೆ? ಅದು ಟೀಚರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪಕ್ಕದ ಮನೆಯವರು ಮಕ್ಕಳ ಡಾಕ್ಟರು ಎಂದರು. ನನ್ನ ತಂಗಿ ಕೌನ್ಸೆಲರ್ ಎಂದಳು. ಅತ್ತೆ ಮಾತ್ರ, "ಇವನ ಅಪ್ಪನೂ ಹೀಗೇ ಇದ್ದ, ಏಳನೇ ಕ್ಲಾಸಿನವರೆಗೆ ಪೇಪರ್ ಓದ್ತಿರಲಿಲ್ಲ, ಸುಮ್ನೆ ಬಿಡು" ಎಂದರು. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಯಾರೋ ಕೊಟ್ಟ ನಂಬರ್ ಹಿಡಿದು ದೂರದ ಒಂದು ಪಟ್ಟಣಕ್ಕೆ ಹೋದೆವು. ಅಲ್ಲಿದ್ದವರು ಒಳ್ಳೆಯ ಮಾತಿನವರು, ಆದರೆ ಅವರಿಗೆ ಬರುತ್ತಿದ್ದದ್ದು ಮಲಯಾಳ ಮತ್ತು ಇಂಗ್ಲಿಷ್. ನಮ್ಮ ಮನೆಮಾತು ತುಳು. ಮಗ ಓದು ಕಲಿತದ್ದು ಕನ್ನಡದಲ್ಲಿ. ಮಲಯಾಳ ಅವನಿಗೆ ಅಂಗಡಿ, ಬಸ್ಸಿನ ಮಟ್ಟಿಗೆ ಗೊತ್ತು. ಮುಕ್ಕಾಲು ಗಂಟೆ ಪರೀಕ್ಷೆ ನಡೆಯಿತು. ಅವನು ಹೆಚ್ಚಿನ ಪ್ರಶ್ನೆಗಳಿಗೆ ಸುಮ್ಮನೆ ಕುಳಿತಿದ್ದ. ಸುಮ್ಮನೆ ಕುಳಿತದ್ದನ್ನೆಲ್ಲ 'ಗೊತ್ತಿಲ್ಲ' ಎಂದು ಬರೆದುಕೊಂಡರು. ವರದಿಯಲ್ಲಿ ಬುದ್ಧಿಮಟ್ಟ ಸಾಮಾನ್ಯಕ್ಕಿಂತ ಕಡಿಮೆ ಎಂದಿತ್ತು. ಬರುವಾಗ ಬಸ್ಸಿನಲ್ಲಿ ಅವನು ಕೇಳಿದ: "ಅಮ್ಮ, ಅವರು ತುಳುವಿನಲ್ಲಿ ಕೇಳಿದ್ದರೆ ನಾನು ಹೇಳ್ತಿದ್ದೆ ಅಲ್ವಾ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಒಂದು ಹಾಳೆ ತೆಗೆದುಕೊಂಡು, ನನಗೆ ನಿಜವಾಗಿ ಗೊತ್ತಾಗಬೇಕಾದದ್ದು ಏನು ಎಂದು ಬರೆದೆ. ಮೊದಲೇ ಮಾಡಬೇಕಿದ್ದ ಕೆಲಸ ಅದು. ಇವನಿಗೆ ಕಣ್ಣು, ಕಿವಿ ಸರಿ ಇವೆಯೇ? ಕನ್ನಡ ಓದುವಾಗ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ? ಕ್ಲಾಸಿನಲ್ಲಿ ಎದ್ದು ಓಡಾಡುವುದು ಚಂಚಲತೆಯೋ, ಓದಲಾಗದ ಸಂಕಟವೋ? ಶಾಲೆಯಲ್ಲಿ ಏನು ಬದಲಾಯಿಸಬೇಕು? ಬರೆದು ನೋಡಿದಾಗ ಗೊತ್ತಾಯಿತು, ಇಷ್ಟಕ್ಕೂ ಒಬ್ಬರೇ ಉತ್ತರ ಹೇಳಲಾರರು.

ಮೊದಲು ಕಣ್ಣು, ಕಿವಿ. ಅವನಿಗೆ ಚಿಕ್ಕಂದಿನಲ್ಲಿ ಎರಡು ಸಲ ಕಿವಿ ಸೋರಿತ್ತು. ಆಡಿಯಾಲಜಿಸ್ಟ್ ಹತ್ತಿರ ಕಿವಿ ಪರೀಕ್ಷೆ ಮಾಡಿಸಿದೆ, ಸರಿಯಿತ್ತು. ಕಣ್ಣಿಗೆ ಸಣ್ಣ ನಂಬರಿನ ಕನ್ನಡಕ ಬಂತು. ಕನ್ನಡಕ ಹಾಕಿದ ಮೇಲೂ ಓದು ಬದಲಾಗಲಿಲ್ಲ. ಈ ಎರಡನ್ನು ಬಿಟ್ಟು ಮುಂದೆ ಹೋಗಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಸರಿಯಾಗಿ ಕೇಳಿಸದ ಮಗುವನ್ನು ದಡ್ಡ ಅಂದುಬಿಡುವುದು ಬಹಳ ಸುಲಭ.

ಆಮೇಲೆ ಕಲಿಕೆಯ ಪ್ರಶ್ನೆ. ಕೌನ್ಸೆಲರ್ ಎಂದು ಬೋರ್ಡು ಹಾಕಿಕೊಂಡವರೆಲ್ಲ ಒಂದೇ ಓದು ಓದಿರುವುದಿಲ್ಲ. ಬುದ್ಧಿಮಟ್ಟ ಅಳೆದು, ಕಲಿಕೆಯ ಪರೀಕ್ಷೆ ಮಾಡಿ, ವರದಿ ಬರೆಯಲು ನಾನು ಹುಡುಕಿದ್ದು ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನು. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐಯ, ನೋಂದಣಿ ಇರಬೇಕು. ಸ್ಪೆಷಲ್ ಎಜುಕೇಟರ್ ಮತ್ತು ಸ್ಪೀಚ್ ಥೆರಪಿಸ್ಟ್‌ಗಳಿಗೂ ಅದೇ ಪರಿಷತ್ತಿನ ನೋಂದಣಿ ಇರುತ್ತದೆ. ನೋಂದಣಿ ಸಂಖ್ಯೆ ಕೇಳಿದರೆ ಸರಿಯಾದವರು ಬೇಸರ ಮಾಡಿಕೊಳ್ಳುವುದಿಲ್ಲ. ನಾನು ಫೋನಿನಲ್ಲೇ ಕೇಳಿದೆ. ಒಬ್ಬರು ಮಾತು ತಪ್ಪಿಸಿದರು, ಅವರನ್ನು ಬಿಟ್ಟೆ.

ಎಲ್ಲರಲ್ಲೂ ನಾನು ಕೇಳಿದ ಮೊದಲ ಪ್ರಶ್ನೆ ಒಂದೇ: "ಕನ್ನಡದ ಓದು, ಬರಹವನ್ನು ಕನ್ನಡದಲ್ಲೇ ಪರೀಕ್ಷೆ ಮಾಡ್ತೀರಾ?" ಇಬ್ಬರು, "ಇಂಗ್ಲಿಷಿನಲ್ಲಿ ಮಾಡಿದರೂ ಗೊತ್ತಾಗುತ್ತದೆ" ಎಂದರು. ನನ್ನ ಮಗನಿಗೆ ಇಂಗ್ಲಿಷ್ ಅಕ್ಷರ ಈಗಷ್ಟೇ ಬರುತ್ತಿತ್ತು. ಅದರಲ್ಲಿ ತಪ್ಪು ಮಾಡಿದರೆ ಏನು ಗೊತ್ತಾದಂತಾಯಿತು? 1956ರಲ್ಲಿ ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು, ಇಲ್ಲಿನ ಹಲವು ಮಕ್ಕಳ ಓದು ಕನ್ನಡದಲ್ಲೇ ಉಳಿಯಿತು. ಹಾಗಾಗಿ ಕಾಸರಗೋಡಿನ ತಂದೆತಾಯಿಗೆ ಈ ಪ್ರಶ್ನೆ ಉಳಿದವರಿಗಿಂತ ಜಾಸ್ತಿ ಮುಖ್ಯ. ನಾಲ್ಕನೆಯ ಫೋನಿಗೆ ಮಂಗಳೂರಿನಲ್ಲಿ ಒಬ್ಬರು ಸಿಕ್ಕಿದರು. ನಾನು ಕೇಳುವ ಮೊದಲೇ ಅವರು ಕೇಳಿದರು: "ಮನೆಯಲ್ಲಿ ಯಾವ ಭಾಷೆ? ಶಾಲೆಯಲ್ಲಿ ಯಾವುದು? ಹಳೆಯ ನೋಟುಪುಸ್ತಕಗಳನ್ನೂ ಟೀಚರ್ ಬರೆದ ಒಂದು ಪತ್ರವನ್ನೂ ತನ್ನಿ." ನಾನು ಆಗಲೇ ನಿರ್ಧಾರ ಮಾಡಿದೆ.

ಎರಡು ಬೆಳಿಗ್ಗೆ ಹೋದೆವು, ಒಂದೇ ದಿನ ಮುಗಿಸಲಿಲ್ಲ. ಮಗು ದಣಿದರೆ ಫಲಿತಾಂಶ ಕೆಡುತ್ತದೆ ಎಂದರು. ಬುದ್ಧಿಮಟ್ಟಕ್ಕೆ ಮಾತು ಬೇಡದ, ಚಿತ್ರದ ವಿನ್ಯಾಸ ಪೂರ್ತಿ ಮಾಡುವ ಪರೀಕ್ಷೆಯನ್ನೂ ಕೊಟ್ಟರು. ಅದರಲ್ಲಿ ಅವನು ತನ್ನ ವಯಸ್ಸಿನವರಿಗಿಂತ ಸ್ವಲ್ಪ ಮುಂದೆಯೇ ಇದ್ದ. ಮಾತಿನ ಪರೀಕ್ಷೆಯಲ್ಲಿ ಒಂದು ಚಿತ್ರಕ್ಕೆ ಅವನು "ಬಚ್ಚಂಗಾಯಿ" ಅಂದಾಗ ಅವರು ನಕ್ಕು ಸರಿ ಎಂದು ಗುರುತು ಹಾಕಿದರು. ಘಟ್ಟದ ಮೇಲಿನವರಾಗಿದ್ದರೆ ಕಲ್ಲಂಗಡಿ ಅನ್ನಲಿ ಎಂದು ಕಾಯುತ್ತಿದ್ದರೋ ಏನೋ.

ಕಲಿಕೆಗೆ ಬಳಸಿದ್ದು ಬೆಂಗಳೂರಿನ ನಿಮ್ಹಾನ್ಸ್ ಸಿದ್ಧಪಡಿಸಿದ ಪರೀಕ್ಷೆಗಳು. ಓದು, ಬರಹ, ಉಕ್ತಲೇಖನ, ಲೆಕ್ಕ ಎಲ್ಲ ಇದ್ದವು. ಅವನ ತೊಂದರೆ ಕಣ್ಣಿಗೆ ಕಂಡಿತು. ಬಿಡಿ ಅಕ್ಷರ ಓದುತ್ತಾನೆ, ಗುಣಿತಾಕ್ಷರ ನಿಧಾನ, ಒತ್ತಕ್ಷರ ಬಂದರೆ ನಿಂತೇ ಬಿಡುತ್ತಾನೆ. 'ಕಾರ್ಯ', 'ಸೂರ್ಯ' ಅವನಿಗೆ ಗೋಡೆ. ಅರ್ಕಾವೊತ್ತು ಬರೆಯುವುದು ಕೊನೆಗೆ, ಓದುವುದು ಮೊದಲು. ಅದು ಅವನ ತಲೆಯಲ್ಲಿ ಅದಲುಬದಲಾಗುತ್ತಿತ್ತು. ಕನ್ನಡದಲ್ಲಿ ಅಕ್ಷರಕ್ಕೂ ಉಚ್ಚಾರಕ್ಕೂ ಹೊಂದಿಕೆ ಇರುವುದರಿಂದ ಕೆಲವು ಮಕ್ಕಳು ತಪ್ಪಿಲ್ಲದೆ ಓದುತ್ತಾರೆ, ಆದರೆ ಬಹಳ ನಿಧಾನ. ಆ ನಿಧಾನವನ್ನೂ ನೋಡಬೇಕು ಎಂದು ಅವರು ವಿವರಿಸಿದರು. ಇಂಗ್ಲಿಷ್ ಪರೀಕ್ಷೆಯಲ್ಲಿ ಇದು ಎಲ್ಲಿ ಸಿಗುತ್ತಿತ್ತು?

"ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತಾ?" ಎಂದು ಕೇಳಿದಾಗ ಅತ್ತೆಯ ಮಾತು ನೆನಪಾಯಿತು. ಹೇಳಿದೆ. ಅವರು ಅದನ್ನು ಬರೆದುಕೊಂಡರು. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಇದ್ದೂ ಓದು, ಬರಹ ಕಷ್ಟವಾಗುವ ಈ ತೊಂದರೆ, ಮನೆತನದಲ್ಲಿ ಹರಿದು ಬರುವುದುಂಟಂತೆ. ಆ ಸಂಜೆ ಅತ್ತೆಯ ಹತ್ತಿರ ಕುಳಿತು ಮಗನ ಅಪ್ಪನ ಶಾಲೆಯ ದಿನಗಳ ಬಗ್ಗೆ ಎಲ್ಲ ಕೇಳಿದೆ.

ಓಡಾಟದ ವಿಷಯಕ್ಕೆ ಒಂದು ಫಾರ್ಮ್ ನನಗೆ, ಒಂದು ಟೀಚರಿಗೆ. ಅವನು ಅಂಗಳದಲ್ಲಿ ಅಡಿಕೆ ಹೆಕ್ಕುತ್ತಾ ಎರಡು ಗಂಟೆ ಕೂರುತ್ತಾನೆ ಎಂದು ನಾನು ಹೇಳಿದೆ. ಇಷ್ಟದ ಕೆಲಸದಲ್ಲಿ ಕೂರುತ್ತಾನೆ ಎಂಬ ಒಂದೇ ಕಾರಣಕ್ಕೆ ಗಮನ ನಿಲ್ಲದೆ ಚಡಪಡಿಸುವ ತೊಂದರೆಯಾದ ಎಡಿಎಚ್‌ಡಿ ಇಲ್ಲ ಅನ್ನಲಾಗದು ಎಂದರು. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು, 6 ತಿಂಗಳಾದರೂ ಇರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆ ಕಾಣಬೇಕು. ಟೀಚರ್ ಫಾರ್ಮಿನಲ್ಲಿ ಅವನು ಏಳುವುದು ಓದು, ಬರಹದ ಹೊತ್ತಿಗೆ ಮಾತ್ರ ಎಂದು ಸ್ಪಷ್ಟವಾಗಿತ್ತು. ಹಾಗಾಗಿ ನಾವು ಮನೋವೈದ್ಯರ ಹತ್ತಿರ ಹೋಗಬೇಕಾಗಲಿಲ್ಲ. ಎರಡೂ ಕಡೆ ಕಂಡಿದ್ದರೆ ಹೋಗಬೇಕಿತ್ತು. ಔಷಧಿ ಬೇಕೋ ಬೇಡವೋ ಎಂದು ಹೇಳಬೇಕಾದವರು ಅವರಂಥ ವೈದ್ಯರೇ, ಸೈಕಾಲಜಿಸ್ಟ್ ಔಷಧಿ ಬರೆಯುವುದಿಲ್ಲ.

ವರದಿಯ ಕೊನೆಯ ಪುಟವನ್ನೇ ನಾನು ಜಾಸ್ತಿ ಸಲ ಓದಿದ್ದೇನೆ. ಮುಂದಿನ ಬೆಂಚು. ಬೋರ್ಡಿನಿಂದ ನಕಲು ಮಾಡುವುದು ಕಡಿಮೆ. ಉತ್ತರ ಬಾಯಲ್ಲಿ ಹೇಳಲು ಬಿಡುವುದು. ದಿನಕ್ಕೆ 20 ನಿಮಿಷ ಒತ್ತಕ್ಷರ ಮಾತ್ರ. ಅಂಕಿಗಳಷ್ಟೇ ಇರುವ ವರದಿಯಿಂದ ಟೀಚರಿಗೆ ಏನೂ ಸಿಗುವುದಿಲ್ಲ. ಈ ಪುಟವನ್ನು ಮುಖ್ಯೋಪಾಧ್ಯಾಯರು ತಮ್ಮ ಮೇಜಿನ ಗಾಜಿನಡಿ ಇಟ್ಟರು. ಬ್ಲಾಕ್ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಿಂದ ಶಾಲೆಗೆ ಬರುವ ಸ್ಪೆಷಲ್ ಎಜುಕೇಟರ್ ಅದನ್ನು ಹಿಡಿದೇ ಕಲಿಸಲು ಶುರು ಮಾಡಿದರು. ಸರಕಾರದ ಈ ನೆರವು ನಮ್ಮ ಬ್ಲಾಕಿನಲ್ಲೇ ಇದ್ದದ್ದು ನನಗೆ ಆವರೆಗೆ ಗೊತ್ತಿರಲಿಲ್ಲ.

ಅಂಗವೈಕಲ್ಯದ ಸರ್ಟಿಫಿಕೇಟಿನ ದಾರಿ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಡಿಸ್ಲೆಕ್ಸಿಯಾ ಅದರಲ್ಲೇ ಬರುತ್ತದೆ. ಪರೀಕ್ಷೆ ಮಂಗಳೂರಿನಲ್ಲಿ ಮಾಡಿಸಿದರೂ, ಸರ್ಟಿಫಿಕೇಟಿಗೆ ನಾವು ಅರ್ಜಿ ಹಾಕಿದ್ದು ನಮ್ಮ ಜಿಲ್ಲೆಯಲ್ಲೇ. ಖಾಸಗಿ ವರದಿಯನ್ನೇ ಸರ್ಟಿಫಿಕೇಟ್ ಅಂದುಕೊಂಡು ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಾಗ ಪರದಾಡಿದವರನ್ನು ನೋಡಿದ್ದೇನೆ. 2018ರ ಮಾರ್ಗಸೂಚಿಯಲ್ಲಿ 8 ವರ್ಷ ತುಂಬಿದ ಮೇಲೆ ಪ್ರಮಾಣಪತ್ರ, ಮತ್ತೆ 14ಕ್ಕೆ ಒಮ್ಮೆ, 18ಕ್ಕೆ ಒಮ್ಮೆ ಪರೀಕ್ಷೆ ಎಂದಿತ್ತು.

ಈಗ ಅವನು ಆರನೇ ಕ್ಲಾಸು. ಓದು ಇನ್ನೂ ನಿಧಾನವೇ. ಕಳೆದ ವಾರ ಬಸ್ಸಿನ ಕನ್ನಡ ಬೋರ್ಡನ್ನು ನನಗಿಂತ ಮೊದಲು ಓದಿ ಕೈ ಅಡ್ಡ ಹಿಡಿದ. ಮೊದಲ ಪಟ್ಟಣದ ವರದಿಯನ್ನು ನಾನು ಹರಿದಿಲ್ಲ. ಅದೇ ಫೈಲಿನಲ್ಲಿದೆ, ಎರಡನೆಯದರ ಕೆಳಗೆ. ಪ್ರತಿ ವರ್ಷ ಅವನ ಒಂದು ನೋಟುಪುಸ್ತಕವನ್ನೂ ಅದರ ಜೊತೆ ಎತ್ತಿಡುತ್ತಿದ್ದೇನೆ, 14ರ ಪರೀಕ್ಷೆಗೆ ಬೇಕಲ್ಲ.