ಕಥೆಯೊಳಗಿನ ರೈತರಿಗೆ ಹಬ್ಬ ಕಟ್ಟುವುದು ಹೇಗೆ?

ಕಾದಂಬರಿಗೆ ಅಂತ ಒಂದು ಕಾಲ್ಪನಿಕ ರೈತ ಜನಾಂಗ ಕಟ್ಟುವವರು ಹೆಚ್ಚಾಗಿ ದೇವರಿಂದ ಶುರು ಮಾಡುತ್ತಾರೆ. ನೀವು ಬೆಳೆಯಿಂದ ಶುರು ಮಾಡಿ. ಏನು ಬೆಳೆಯುತ್ತಾರೆ, ಬಿತ್ತನೆ ಯಾವಾಗ, ಮಳೆ ಕೈಕೊಟ್ಟರೆ ಮನೆಯ ಕಾಳು ಎಲ್ಲಿಯವರೆಗೆ ಬರುತ್ತದೆ, ಇಷ್ಟು ಮೊದಲು ಬರೆದಿಟ್ಟುಕೊಳ್ಳಿ. ವರ್ಷದಲ್ಲಿ ಅವರಿಗೆ ಜಾಸ್ತಿ ಭಯವಾಗುವ ಹೊತ್ತು ಯಾವುದೋ, ಹಬ್ಬವನ್ನು ಅಲ್ಲಿಡಿ.

ನಮ್ಮಲ್ಲೇ ನೋಡಿ. ಮಲೆನಾಡಿನ ಭೂಮಿ ಹುಣ್ಣಿಮೆ ಬರುವುದು ಭತ್ತ ತೆನೆಗಟ್ಟುವ ಕಾಲಕ್ಕೆ. ಆಗ ಭೂಮಿ ಬಸುರಿ. ಬಸುರಿಗೆ ಬಯಕೆ ಇರುತ್ತದೆ, ಅಲ್ವಾ? ಅದಕ್ಕೇ ರಾತ್ರಿಯೆಲ್ಲ ಅಡುಗೆ ಮಾಡಿ, ಬಗೆಬಗೆಯ ಸೊಪ್ಪು ಬೇಯಿಸಿದ ಹಚ್ಚಂಬಲಿಯನ್ನು ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತು, ನಸುಕಿನಲ್ಲೇ ಗದ್ದೆಗೆ ಬೀರಿ ಬರುತ್ತಾರೆ. ತುಳುನಾಡಿನ ಕೆಡ್ಡಸದಲ್ಲಿ ಭೂಮಿ ಮುಟ್ಟಾಗಿದ್ದಾಳೆ ಅಂತ ಮೂರು ದಿನ ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ಕೊನೆಗೆ ಅವಳ ಸ್ನಾನಕ್ಕೆ ಎಣ್ಣೆ, ಅರಿಶಿನ, ಸೀಗೆ ಇಡುತ್ತಾರೆ. ಒಂದರಲ್ಲಿ ಮಾಡಲೇಬೇಕಾದ ಕೆಲಸ ಇದೆ, ಇನ್ನೊಂದರಲ್ಲಿ ಮಾಡಬಾರದ ಕೆಲಸ. ನಿಮ್ಮ ಹಬ್ಬಕ್ಕೂ ಇವೆರಡರಲ್ಲಿ ಒಂದಾದರೂ ಬೇಕು, ಸುಮ್ನೆ ಬೆಂಕಿ ಸುತ್ತ ಕುಣಿಸಿದರೆ ಆಗಲ್ಲ.

ಸೃಷ್ಟಿಕಥೆ ಆಮೇಲೆ. ಆ ಕೆಲಸ ಯಾಕೆ ಅಂತ ಮಗು ಕೇಳಿದರೆ ಅಜ್ಜಿ ಏನು ಹೇಳುತ್ತಾಳೆ? ಅದೇ ಕಥೆ. ಮೆಕ್ಸಿಕೊದ ಅಜ್ಟೆಕ್ ಜನರಲ್ಲಿ ಕೆಟ್ಸಲ್‌ಕೊವಾಟ್ಲ್ ದೇವರು ಕಪ್ಪಿರುವೆಯಾಗಿ ಬೆಟ್ಟದೊಳಗಿಂದ ಮೆಕ್ಕೆಜೋಳ ತಂದ ಕಥೆ ಇದೆ, ಮನುಷ್ಯರಿಗೆ ಉಣ್ಣಲು ಕಾಳು ಸಿಕ್ಕಿದ್ದು ಹಾಗೆ.

ಈಗ ನಿಮ್ಮದೊಂದು ಕಟ್ಟಿ. ಗುಡ್ಡದ ಮೇಲೆ ಸಾಮೆ ಬೆಳೆಯುವ ಜನ ಅಂದುಕೊಳ್ಳಿ. ಲೋಕ ಹುಟ್ಟಿದಾಗ ಮಣ್ಣಿತ್ತು, ಬೀಜ ಇರಲಿಲ್ಲ. ಹಸಿದ ಮೊದಲ ಹೆಂಗಸು ಗಾಳಿಯ ಹತ್ತಿರ ಒಂದು ಹಿಡಿ ಬೀಜ ಸಾಲ ತಂದಳು, ತೀರಿಸುವಷ್ಟರಲ್ಲಿ ಸತ್ತಳು. ಹಾಗಾಗಿ ಪ್ರತಿ ವರ್ಷ ಬಿತ್ತನೆಗೆ ಮುಂಚೆ ಮನೆಯ ಹಿರಿಯ ಹೆಂಗಸು ಗುಡ್ಡದ ತುದಿಯಲ್ಲಿ ನಿಂತು, ಕೂಡಿಟ್ಟದ್ದರಲ್ಲೇ ಒಳ್ಳೆಯ ಒಂದು ಹಿಡಿ ಗಾಳಿಗೆ ತೂರುತ್ತಾಳೆ. ಜೊಳ್ಳು ತೂರಿದರೆ ಸಾಲ ತೀರಲ್ಲ.

ಇನ್ನು ಬರಗಾಲದ ವರ್ಷ ಬರೆಯಿರಿ. ಮನೆಯಲ್ಲಿ ಉಳಿದದ್ದು ಬಿತ್ತನೆಗೂ ಸಾಕಾಗದಷ್ಟು ಕಾಳು, ಮೊಮ್ಮಗ ಹಸಿದಿದ್ದಾನೆ, ಅಜ್ಜಿ ಮುಷ್ಟಿ ಬಿಗಿ ಹಿಡಿದು ಗುಡ್ಡ ಹತ್ತುತ್ತಿದ್ದಾಳೆ. ಅವಳು ತೂರುತ್ತಾಳಾ? ಪಕ್ಕದ ಮನೆಯವರು ಜೊಳ್ಳು ತೂರಿದ್ದನ್ನು ಅವಳು ನೋಡಿದ್ದರೆ? ನಿಮ್ಮ ಕಾದಂಬರಿಯನ್ನು ಅಲ್ಲಿಂದ ಶುರು ಮಾಡಬಹುದು.