ಇರುವ ಸ್ಟ್ಯಾಂಪೇ ಸಾಕು: ಕ್ಲಿಯರ್ ಸ್ಟ್ಯಾಂಪಿಗೆ ಇನ್ನಷ್ಟು ಕೆಲಸ ಕೊಡಿ

ಕ್ಲಿಯರ್ ಸ್ಟ್ಯಾಂಪ್ ಅಂದ್ರೆ ಪಾರದರ್ಶಕ ಪಾಲಿಮರ್ ಅಚ್ಚು, ಅಕ್ರಿಲಿಕ್ ಬ್ಲಾಕಿಗೆ ಅಂಟಿಸಿ, ಇಂಕು ಹಚ್ಚಿ ಕಾಗದದ ಮೇಲೆ ಒತ್ತುವಂಥದ್ದು. ಹೊಸ ಸೆಟ್ ಆರ್ಡರ್ ಮಾಡುವ ಮೊದಲು ಮನೆಯಲ್ಲಿರುವುದನ್ನು ಒಮ್ಮೆ ತೆಗೆದು ನೋಡಿ. ಒಂದು ಹೂವು, ಒಂದು ಎಲೆ, ಒಂದು ತ್ರಿಕೋನ, ಒಂದು ಸಾಲು ಅಕ್ಷರ ಇದ್ದರೆ ವರ್ಷದ ಹಬ್ಬಗಳಿಗೆಲ್ಲ ಕಾರ್ಡ್ ಮಾಡಬಹುದು. ಸುಮಾರು ಜನ ಹೂವನ್ನು ನಟ್ಟನಡುವೆ ಒತ್ತಿ, ಕೆಳಗೆ ಶುಭಾಶಯ ಒತ್ತಿ, ಮುಗೀತು ಅಂತ ಎದ್ದುಬಿಡುತ್ತಾರೆ. ಅಲ್ಲೇ ಎಡವಟ್ಟು. ಒಂದು ಸ್ಟ್ಯಾಂಪ್ ಅಂದ್ರೆ ಇಡೀ ಚಿತ್ರ ಅಲ್ಲ, ಚಿತ್ರದ ಒಂದು ತುಂಡು.

ನಮ್ಮ ಧಾರವಾಡದ ಕಸೂತಿಯನ್ನೇ ನೋಡಿ. ಗೋಪುರ, ತುಳಸಿಕಟ್ಟೆ, ತೇರು, ನವಿಲು, ಎಲ್ಲ ಚಿಕ್ಕ ಆಕಾರಗಳೇ. ಎಳೆ ಎಣಿಸಿ ಸಾಲಾಗಿ ಕೂರಿಸುವುದರಲ್ಲೇ ಅಂದ ಇರುವುದು. ನಿಮ್ಮ ಅಕ್ರಿಲಿಕ್ ಬ್ಲಾಕಿನ (ಸ್ಟ್ಯಾಂಪ್ ಅಂಟಿಸಿ ಹಿಡಿಯುವ ಪಾರದರ್ಶಕ ಪ್ಲಾಸ್ಟಿಕ್ ತುಂಡಿನ) ಮೇಲೆ ಚೌಕ ಗೆರೆಗಳಿದ್ದರೆ ಇದು ಸುಲಭ. ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ತೆಳುವಾಗಿ ಗೆರೆ ಎಳೆದು, ಬ್ಲಾಕಿನ ಗೆರೆಯನ್ನು ಅದಕ್ಕೆ ಹೊಂದಿಸಿ, ಮೊದಲ ಅಚ್ಚನ್ನು ನಡುವೆ ಒತ್ತಿ, ಆಮೇಲೆ ಎಡಕ್ಕೊಂದು ಬಲಕ್ಕೊಂದು ಒತ್ತುತ್ತಾ ಹೋದರೆ ಎರಡೂ ತುದಿ ಒಂದೇ ಥರ ಮುಗಿಯುತ್ತವೆ. ಒಂದು ಕಡೆಯಿಂದ ಶುರು ಮಾಡಿದರೆ ಕೊನೆಗೆ ಅರ್ಧ ಗೋಪುರ ಉಳಿಯುತ್ತದೆ, ಅಷ್ಟೇ. ಕೆಂಪು ಕಾಗದದ ಮೇಲೆ ತ್ರಿಕೋನದ ಸಾಲನ್ನು ಕಾಗದದ ಮೇಲೆ ದಟ್ಟವಾಗಿ ಕೂರುವ ಬಿಳಿ ಪಿಗ್ಮೆಂಟ್ ಇಂಕಿನಲ್ಲಿ ಒತ್ತಿದರೆ ಇಳಕಲ್ ಸೀರೆಯ ಸೆರಗೇ ನೆನಪಾಗುತ್ತದೆ. ಕಾಗದದೊಳಗೆ ಇಂಗುವ ತೆಳು ಡೈ ಇಂಕ್ ಇಲ್ಲಿ ಬೇಡ, ಗಾಢ ಬಣ್ಣದ ಮೇಲೆ ಅದು ಕಾಣುವುದೇ ಕಷ್ಟ.

ಎಲೆಗಳ ರಾಶಿ ಬೇಕಾದರೆ ಒಮ್ಮೆ ಇಂಕು ಹಚ್ಚಿ, ಮತ್ತೆ ಹಚ್ಚದೆ ಎರಡು ಮೂರು ಸಲ ಒತ್ತಿ. ಮಸುಕಾದವು ತಾವಾಗಿಯೇ ಹಿಂದೆ ಸರಿದಂತೆ ಕಾಣುತ್ತವೆ. ಒಂದರ ಹಿಂದೆ ಒಂದು ಕೂರಬೇಕಾದರೆ ಮುಂದಿನದನ್ನೇ ಮೊದಲು ಒತ್ತಬೇಕು. ಅದೇ ಅಚ್ಚನ್ನು ಸ್ಟಿಕಿ ನೋಟಿನ ಅಂಟಿರುವ ಭಾಗದ ಮೇಲೂ ಒತ್ತಿ, ಕತ್ತರಿಸಿ, ಮೊದಲನೆಯದರ ಮೇಲೆ ಮುಚ್ಚಿ, ಹಿಂದಿನದನ್ನು ಒತ್ತಿ. ಹೂವು ಮಾತ್ರ ಬೇಕು, ದೇಟು ಬೇಡ ಅಂದ್ರೆ ದೇಟಿಗೆ ಟೇಪ್ ಅಂಟಿಸಿ ಇಂಕು ಹಚ್ಚಿ, ಒತ್ತುವ ಮೊದಲು ಟೇಪ್ ಕಿತ್ತುಬಿಡಿ.

ಅಕ್ಷರದ ಉದ್ದ ಪಟ್ಟಿ ಬಾಗುತ್ತದೆ, ಬ್ಲಾಕಿನ ಮೇಲೆ ಕಮಾನಿನ ಹಾಗೆ ಅಂಟಿಸಿ ನೋಡಿ. ‘ಹುಟ್ಟುಹಬ್ಬದ ಶುಭಾಶಯಗಳು’ ಅಂತಿದ್ದರೆ ಕತ್ತರಿಯಿಂದ ಎರಡು ತುಂಡು ಮಾಡಿ, ‘ಶುಭಾಶಯಗಳು’ ಎಲ್ಲ ಹಬ್ಬಕ್ಕೂ ಆಯ್ತು. ಕತ್ತರಿಸೋಕೆ ಮನಸ್ಸು ಬರಲ್ಲ, ನಿಜ, ಆದರೆ ಬಿಡಿಯಾದ ಮೇಲೇ ಅದಕ್ಕೆ ಬೆಲೆ. ಕನ್ನಡದ ಸೆಟ್ ಸಿಗದಿದ್ದರೆ ಶಿಕ್ಕಾ ಮಾಡುವ ಅಂಗಡಿಯಲ್ಲಿ ಕೇಳಿ. ಪಾಲಿಮರ್ ಶಿಕ್ಕಾ ಮಾಡುವವರಾದರೆ ನಿಮ್ಮ ಕೈಬರಹವನ್ನೇ ಕೊಟ್ಟು, ಹಿಡಿ ಹಚ್ಚಬೇಡಿ ಅಂತ ಹೇಳಿ. ಅದು ತಾನಾಗಿ ಅಂಟದಿದ್ದರೆ ಡಬಲ್ ಸೈಡ್ ಟೇಪ್ ಹಾಕಿ.

ದಸರಾಕ್ಕೆ ಬನ್ನಿ ಕೊಟ್ಟು ‘ಬಂಗಾರದಂಗ ಇರೋಣ’ ಅಂತೀವಲ್ಲ, ಅದಕ್ಕೆ ಎಲೆಯ ಸ್ಟ್ಯಾಂಪೇ ಬೇಕು. ಕಾಗದಕ್ಕೆ ಮೊದಲು ಚೂರು ಟಾಲ್ಕಮ್ ಪೌಡರ್ ಸವರಿ ಒರೆಸಿ, ಇಲ್ಲದಿದ್ದರೆ ಆಮೇಲೆ ಉದುರಿಸುವ ಬಂಗಾರ ಬಣ್ಣದ ಪುಡಿ ಬೇಡದ ಕಡೆಯೆಲ್ಲ ಅಂಟುತ್ತದೆ. ಎಂಬಾಸಿಂಗ್ ಇಂಕಿನಲ್ಲಿ (ಬೇಗ ಒಣಗದ ಅಂಟಂಟು ಇಂಕು) ಎಲೆ ಒತ್ತಿ, ಬಂಗಾರ ಬಣ್ಣದ ಎಂಬಾಸಿಂಗ್ ಪುಡಿ (ಶಾಖಕ್ಕೆ ಕರಗಿ ಉಬ್ಬುವ ಪುಡಿ) ಉದುರಿಸಿ, ಜಾಸ್ತಿಯಾದದ್ದನ್ನು ಕೊಡವಿ ಡಬ್ಬಿಗೆ ಹಾಕಿ, ಹೀಟ್ ಗನ್ (ತೀರಾ ಬಿಸಿಗಾಳಿ ಊದುವ ಸಾಧನ) ಹಿಡಿಯಿರಿ. ಪುಡಿ ಕರಗಿ ಹೊಳೆಯುತ್ತಿದ್ದಂತೆ ಮುಂದಕ್ಕೆ ಸರಿಸಬೇಕು, ಅಲ್ಲೇ ಹಿಡಿದರೆ ಕಾಗದ ಸುಡುತ್ತದೆ. ಹೇರ್ ಡ್ರೈಯರ್ ನಡೆಯಲ್ಲ, ಶಾಖ ಸಾಲದು, ಗಾಳಿಗೆ ಪುಡಿ ಹಾರಿಹೋಗುತ್ತದೆ. ಆರಿದ ಮೇಲೆ ವಾಟರ್‌ಕಲರ್ ಬಳಿದರೂ ಎಲೆಯ ಮೇಲೆ ನಿಲ್ಲುವುದಿಲ್ಲ, ಸುತ್ತ ಮಾತ್ರ ಹತ್ತುತ್ತದೆ. ಕಾಗದ 250 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ತೆಳು ಬೇಡ.

ಹೊಸ ಸ್ಟ್ಯಾಂಪಿನಲ್ಲಿ ಇಂಕು ಹನಿಹನಿಯಾಗಿ ನಿಂತರೆ ಮೇಲ್ಮೈಗೆ ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ. ಬ್ಲಾಕಿಗೆ ಅಂಟದಿದ್ದರೆ ಪಾತ್ರೆ ಸೋಪಿನ ನೀರಲ್ಲಿ ತೊಳೆಯಿರಿ, ನೇಲ್ ಪಾಲಿಶ್ ರಿಮೂವರ್ ಮಾತ್ರ ಮುಟ್ಟಿಸಬೇಡಿ. ಕಲೆ ಉಳಿದರೆ ಚಿಂತೆಯಿಲ್ಲ. ಬಿಸಿಲಿಗೆ ಇಡದೆ, ಪ್ಲಾಸ್ಟಿಕ್ ಹಾಳೆಗೆ ಅಂಟಿಸಿಟ್ಟರೆ ಆಯ್ತು.