ಹೊಸ ಬೂಟು ಪಳಗಿಸುವ ಬಗೆ

ನಾನು ಒಂದು ದಿನವೂ ಬೂಟು ಹಾಕಿದವಳಲ್ಲ. ನನ್ನ ಕಾಲಿಗೆ ಕಾಲ್ಮರಿಯೇ ಸಾಕು. ಆದರೂ ಹೊಸ ಬೂಟು ಕಚ್ಚಿದರೆ ನಮ್ಮ ಓಣಿಯ ಹುಡುಗರು ನನ್ನ ಹತ್ತಿರವೇ ಬರುತ್ತಾರೆ. ಯಾಕೆಂದರೆ ನಮ್ಮದು ರಾಯಚೂರು ಜಿಲ್ಲೆಯ ಹಟ್ಟಿ, ಚಿನ್ನದ ಗಣಿಯ ಊರು. ಮೊದಲು ನಮ್ಮ ಮನೆಯವರು ಮಲ್ಲಪ್ಪ ಶಾಫ್ಟಿನಲ್ಲಿ, ಅಂದರೆ ಗಣಿಗೆ ಇಳಿಯುವ ಬಾವಿಯಂಥ ಗುಂಡಿಯಲ್ಲಿ, ಇಳಿಯುತ್ತಿದ್ದರು, ಆಮೇಲೆ ಮಗ, ಈಗ ಮೊಮ್ಮಗ. ಗಣಿಯಲ್ಲಿ ಕೆಲಸ ಮಾಡುವವರ ಕಾಲಿಗೆ ಬೂಟು ಇರಲೇಬೇಕು ಅಂತ 1961ರ ನಿಯಮದಲ್ಲೇ ಇದೆ. ಹಾಗಾಗಿ ಬೂಟು ಕಚ್ಚಿತು ಅಂತ ಬಿಚ್ಚಿಟ್ಟು ಹೋಗುವ ಹಾಗಿಲ್ಲ.

ಮೊಮ್ಮಗ ಮೊನ್ನೆ ಕುಂಟುತ್ತಾ ಬಂದ. "ಅಜ್ಜಿ, ಹಿಮ್ಮಡಿ ಹತ್ರ ಭಾಳ ಕಚ್ಚಾಕತ್ತೈತಿ" ಅಂದ. ನೋಡಿದರೆ ರೂಪಾಯಿ ಅಗಲದ ಬೊಬ್ಬೆ. ಕಾಲಿನ ಅಳತೆ ಯಾವಾಗ ನೋಡಿದ್ದೆ ಅಂತ ಕೇಳಿದೆ. ಬೆಳಿಗ್ಗೆ ಎದ್ದ ಕೂಡಲೇ ನೋಡಿದ್ದನಂತೆ! ದಿನವಿಡೀ ನಿಂತ ಕಾಲು ಸಂಜೆಗೆ ಊದಿಕೊಳ್ಳುತ್ತದೆ. ಅಳತೆ ನೋಡುವುದು ಸಂಜೆಯೇ, ಅದೂ ಕೆಲಸಕ್ಕೆ ಹಾಕುವ ದಪ್ಪ ಕಾಲುಚೀಲ ಹಾಕಿಕೊಂಡು. ಎರಡೂ ಕಾಲು ಒಂದೇ ಸಮ ಇರುವುದು ಕಡಿಮೆ. ದೊಡ್ಡ ಕಾಲಿಗೆ ಸರಿಯಾದರೆ ಸಾಕು.

ಇನ್ನೊಂದು ಮಾತು. ಗಣಿ ಬೂಟಿನ ತುದಿಯಲ್ಲಿ ತೊಗಲಿನ ಕೆಳಗೆ ಉಕ್ಕಿನ ಟೋಪಿ ಇರುತ್ತದೆ. ಅದು 200 ಜೂಲ್ ಪೆಟ್ಟು ತಡೆಯಬೇಕು. ಅಂದರೆ 20 ಕಿಲೋ ಕಲ್ಲು 1 ಮೀಟರ್ ಮೇಲಿನಿಂದ ಬಿದ್ದಷ್ಟು. ಅಂಥದ್ದು ನಿಮ್ಮ ಎಣ್ಣೆಗೆ, ನೀರಿಗೆ ಬಗ್ಗುತ್ತಾ? ಬೆರಳು ಉಕ್ಕಿಗೆ ತಾಗುತ್ತಿದ್ದರೆ ಸುಮ್ನೆ ವಾಪಸ್ ಕೊಟ್ಟು ದೊಡ್ಡ ನಂಬರ್ ತನ್ನಿ. ರೆಕ್ಸಿನ್ ಬೂಟಿನದೂ ಅದೇ ಕಥೆ. ಅದು ಹಿಗ್ಗುವುದಿಲ್ಲ, ಸೀಳುತ್ತದೆ. ಕತ್ತರಿಸಿದ ಅಂಚು ನೋಡಿ: ತೊಗಲಾದರೆ ನಾರುನಾರಾಗಿರುತ್ತದೆ, ರೆಕ್ಸಿನ್ ಆದರೆ ಕೆಳಗೆ ಬಟ್ಟೆ ಕಾಣುತ್ತದೆ.

ತೊಗಲು ಅಂತ ಖಾತ್ರಿಯಾದ ಮೇಲೆ ಅವಸರ ಬೇಡ. ಮೊದಲ ದಿನ ಅರ್ಧ ಗಂಟೆ, ಮನೆಯ ಪಡಸಾಲೆಯಲ್ಲೇ ಓಡಾಡಲಿ. ಮರುದಿನ ಒಂದು ಗಂಟೆ. ಹೀಗೆ ಹತ್ತು ಹನ್ನೆರಡು ದಿನ. ತೊಗಲು ಮೆತ್ತಗಾಗುವುದು ಕಾಲಿನ ಬಿಸಿ, ಬೆವರು, ಮತ್ತೆ ಮತ್ತೆ ಮಡಚುವುದು, ಇವುಗಳಿಂದಲೇ. ಲೇಸು ಬಿಗಿಯಾಗಿಯೇ ಕಟ್ಟಬೇಕು. ಸಡಿಲ ಬಿಟ್ಟರೆ ಹಿಮ್ಮಡಿ ಮೇಲೆ ಕೆಳಗೆ ಉಜ್ಜಿಕೊಂಡು ಬೊಬ್ಬೆ ಏಳುತ್ತದೆ. ಸಡಿಲ ಬಿಟ್ಟರೆ ಆರಾಮ ಅಂತ ಎಲ್ಲರೂ ಅಂದುಕೊಳ್ಳುವುದೇ ತಪ್ಪು.

ಹಿಮ್ಮಡಿಯ ಗಟ್ಟಿ ಭಾಗಕ್ಕೆ ನನ್ನ ಲಟ್ಟಣಿಗೆ ಇದೆ. ನಮ್ಮಲ್ಲಿ ರೊಟ್ಟಿ ಕೈಯಲ್ಲೇ ಬಡಿಯುವುದು, ಲಟ್ಟಣಿಗೆಗೆ ಕೆಲಸ ಅಷ್ಟಕ್ಕಷ್ಟೇ. ಹಳೆಯದೊಂದನ್ನು ಬೂಟಿಗಂತಲೇ ಎತ್ತಿಟ್ಟಿದ್ದೇನೆ. ಅದರ ಹಿಡಿಯನ್ನು ಒಳಗಿನಿಂದ ಒತ್ತಿ, ಹಿಮ್ಮಡಿಯ ಅಂಚನ್ನು ಆಚೆ ಈಚೆ ಬಗ್ಗಿಸುತ್ತೇನೆ. ಬೆರಳು ಮಡಚುವ ಜಾಗಕ್ಕೆ ನಾಲ್ಕು ಹನಿ ಕೊಬ್ಬರಿ ಎಣ್ಣೆ, ಬಟ್ಟೆಯಲ್ಲಿ ತೆಳ್ಳಗೆ. ಬಣ್ಣ ಸ್ವಲ್ಪ ಕಪ್ಪಾಗುತ್ತದೆ, ಚಿಂತೆಯಿಲ್ಲ. ಜಾಸ್ತಿ ಸುರಿದರೆ ಮಾತ್ರ ತೊಗಲು ಜೋಲು ಬಿದ್ದು ಧೂಳು ಮೆತ್ತಿಕೊಳ್ಳುತ್ತದೆ. ಅಡುಗೆ ಎಣ್ಣೆ ಹಚ್ಚಬೇಡಿ, ಕಮಟು ವಾಸನೆ ಬರುತ್ತದೆ.

ಉಕ್ಕಿನ ಟೋಪಿಯ ಹಿಂದೆ, ಕಿರುಬೆರಳ ಬುಡದ ಪಕ್ಕ ತೊಗಲು ಒತ್ತುತ್ತಿದ್ದರೆ ಕಡಲೆ ಉಪಾಯ ಮಾಡಿ. ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಎರಡು ಬೊಗಸೆ ಕಡಲೆ ಹಾಕಿ, ಅದು ಮುಳುಗಿ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು ಬಿಟ್ಟು, ಬಾಯಿ ಕಟ್ಟಿ. ಬಿಗಿಯುವ ಜಾಗಕ್ಕೆ ಒಳಗಿನಿಂದ ಒದ್ದೆ ಬಟ್ಟೆ ಒರೆಸಿ, ಚೀಲವನ್ನು ಬೂಟಿನೊಳಗೆ ತುರುಕಿ, ಲೇಸು ಕಟ್ಟಿ ರಾತ್ರಿಯಿಡೀ ಬಿಡಿ. ಕಡಲೆ ನೆನೆದು ಸುಮಾರು ಎರಡು ಪಟ್ಟು ಉಬ್ಬುತ್ತದೆ, ತೊಗಲನ್ನು ಮೆಲ್ಲಗೆ ತಳ್ಳುತ್ತದೆ. ಅಷ್ಟಿಷ್ಟು ಸಡಿಲವಾಗುತ್ತದೆ, ಒಂದು ನಂಬರ್ ಏನೂ ಹೆಚ್ಚುವುದಿಲ್ಲ. ಆ ಕಡಲೆಯಲ್ಲಿ ಉಸುಳಿ ಮಾಡ್ತೀಯಾ ಅಂತ ನೆರೆಮನೆಯವಳು ಕೇಳಿದಳು. ಅದು ನಮ್ಮ ಎಮ್ಮೆಯ ಪಾಲು.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಒಮ್ಮೆ ನಮ್ಮ ಮನೆಯವರ ಬೂಟು ಪೂರ್ತಿ ನೆಂದು ಬಂದಿತ್ತು. ಏಪ್ರಿಲ್ ತಿಂಗಳು, ನಮ್ಮ ರಾಯಚೂರಿನ ಬಿಸಿಲು ನಿಮಗೆ ಗೊತ್ತಲ್ಲ. ತಗಡಿನ ಮೇಲೆ ಇಟ್ಟೆ. ಸಂಜೆಗೆ ಬೂಟು ಸೆಟೆದು, ಮಡಚುವಲ್ಲಿ ಬಿರುಕು ಬಿಟ್ಟಿತ್ತು. ಅವರು ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ನೋವಾಯಿತು. ಆಮೇಲಿಂದ ಒಳಗಿನ ಅಟ್ಟೆ ತೆಗೆದು, ಪೇಪರ್ ತುರುಕಿ, ನೆರಳಲ್ಲಿ ಗಾಳಿಗೆ ಇಡುತ್ತೇನೆ. ಪೇಪರ್ ಒದ್ದೆಯಾದರೆ ಬದಲಿಸುತ್ತೇನೆ. ಒಲೆಯ ಹತ್ತಿರವಂತೂ ಇಲ್ಲವೇ ಇಲ್ಲ.

ಬೊಬ್ಬೆ ಎದ್ದರೆ ಸೂಜಿ ಚುಚ್ಚಬೇಡಿ, ಮೇಲೆ ಪಟ್ಟಿ ಅಂಟಿಸಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರ ಕಾಲಿಗೆ ಈ ಪಳಗಿಸುವ ಆಟವೇ ಬೇಡ. ಎಷ್ಟೋ ಜನರಿಗೆ ಅಂಗಾಲಿನ ನೋವೇ ತಿಳಿಯುವುದಿಲ್ಲ, ಸಣ್ಣ ಗಾಯ ದೊಡ್ಡ ಹುಣ್ಣಾಗುತ್ತದೆ. ಅವರಿಗೆ ಮೊದಲ ದಿನದಿಂದಲೇ ಮೆತ್ತಗಿರುವ ಬೂಟು ನೋಡಿ.

ಎರಡು ವಾರವಾದರೂ ಒತ್ತುತ್ತಿದ್ದರೆ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರಿಗೆ ಕೊಡಿ. ಅವರ ಹತ್ತಿರ ಕಟ್ಟಿಗೆಯ ಅಚ್ಚು ಇರುತ್ತದೆ. ಒತ್ತುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿ ಕೊಟ್ಟರೆ ಅವರಿಗೂ ಸುಲಭ, ಅಲ್ವಾ?